ಎಂಜಿಬಿ ಡ್ಯಾಶ್‌ಬೋರ್ಡ್: ಪೆಟ್ರೋಲ್ ಮುಳ್ಳಿನ ಸುಳ್ಳು

ನನ್ನ ಹಳೇ ಎಂಜಿಬಿ ಕಾರಿನ ಮೈಗೆ ಬಣ್ಣ ಆಯಿತು, ಡ್ಯಾಶ್‌ಬೋರ್ಡ್ ವಾಪಸ್ ಕೂತಿತು. ಈಗ ಪೆಟ್ರೋಲ್ ಗೇಜ್ ತಕರಾರು. ಅರ್ಧ ಟ್ಯಾಂಕ್ ಇದ್ದರೂ ಮುಳ್ಳು ಮುಕ್ಕಾಲಿನ ಹತ್ತಿರ ನಿಲ್ಲುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದರೆ ಇನ್ನೂ ಮೇಲೇರುತ್ತದೆ!

ಗಾಡಿ 1970ರ ಎಂಜಿಬಿ ಜಿಟಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದದ್ದು, ಆ ದೇಶದಲ್ಲೇ ಓಡಿದ್ದು. ಇದರ 1798 ಸಿಸಿ ಎಂಜಿನ್ ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ಗೆ ನೆಂಟ. ಎರಡೂ ಬಿ-ಸೀರೀಸ್ ಎಂಬ ಒಂದೇ ಎಂಜಿನ್ ಮನೆತನ.

ಎಂಜಿನ್ ಓಡುವಾಗ ಮುಳ್ಳು ಏರಿದ್ದೇ ಮುಖ್ಯ ಸುಳಿವು. ಆಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದ ವೋಲ್ಟೇಜ್ 14ರ ಹತ್ತಿರ ಹೋಗುತ್ತದೆ. ಈ ಏರಿಳಿತ ಗೇಜಿಗೆ ತಟ್ಟಲೇಬಾರದು. ಒಳಗಿರುವುದು ಎರಡು ಲೋಹ ಅಂಟಿಸಿದ ಒಂದು ಪಟ್ಟಿ, ಅದಕ್ಕೆ ಸುತ್ತಿದ ತಂತಿ. ತಂತಿ ಕಾದರೆ ಪಟ್ಟಿ ಬಾಗುತ್ತದೆ, ಮುಳ್ಳು ಸರಿಯುತ್ತದೆ. ಅದಕ್ಕೇ ಕೀ ತಿರುಗಿಸಿದ ಮೇಲೆ ಮುಳ್ಳು ನಿಧಾನಕ್ಕೆ ಏಳುವುದು. ವೋಲ್ಟೇಜ್ ಬದಲಾದರೆ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಗೇಜಿಗೆ ಮೊದಲು ವೋಲ್ಟೇಜ್ ಒಂದೇ ಮಟ್ಟದಲ್ಲಿಡುವ ಒಂದು ಸ್ಟೆಬಿಲೈಸರ್. ಅದರೊಳಗೂ ಇಂಥದ್ದೇ ಪಟ್ಟಿ. ಕಾದರೆ ಕಾಂಟ್ಯಾಕ್ಟ್ ಬಿಡುತ್ತದೆ, ತಣಿದರೆ ಕೂಡುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಡುವ ಕರೆಂಟ್ ಸರಾಸರಿ 10 ವೋಲ್ಟ್.

ಪಟ್ಟಿ ಕಾಯಬೇಕಾದರೆ ಸ್ಟೆಬಿಲೈಸರ್‌ಗೆ ಅರ್ತಿಂಗ್, ಅಂದರೆ ಕಾರಿನ ಮೈಯ ಲೋಹದ ಸಂಪರ್ಕ ಬೇಕು. ಅದು ಸಿಗುವುದು ಸ್ಟೆಬಿಲೈಸರ್ ಡಬ್ಬಿಯ ಹೊರಚಾಚಿದ ಕಿವಿಯ ಸ್ಕ್ರೂ ಮೂಲಕ. ಆ ಸ್ಕ್ರೂ ಕೂತ ಜಾಗಕ್ಕೆ ಈಗ ದಪ್ಪ ಹೊಸ ಬಣ್ಣ! ಅರ್ತಿಂಗ್ ಇಲ್ಲ, ಪಟ್ಟಿ ಕಾಯುವುದಿಲ್ಲ, ಕಾಂಟ್ಯಾಕ್ಟ್ ಬಿಡುವುದೇ ಇಲ್ಲ. ಬ್ಯಾಟರಿಯ ಪೂರ್ತಿ ವೋಲ್ಟೇಜ್ ನೇರ ಗೇಜಿಗೆ. ಸ್ಕ್ರೂ ಸುತ್ತ ಬಣ್ಣ ಕೆರೆದು, ಡಬ್ಬಿಯಿಂದ ಒಂದು ಕಪ್ಪು ವೈರನ್ನೂ ಕಾರಿನ ಮೈಯ ಲೋಹಕ್ಕೆ ಎಳೆದೆ. ಸ್ಟೆಬಿಲೈಸರ್‌ನಿಂದ ಗೇಜಿಗೆ ಹೋಗುವ ಕಡೆ ಟೆಸ್ಟ್ ಬಲ್ಬ್ ಹಿಡಿದರೆ ಮಿಣುಕತೊಡಗಿತು, ಅಂದರೆ ಕಾಂಟ್ಯಾಕ್ಟ್ ಮತ್ತೆ ಬಿಟ್ಟು ಕೂಡುತ್ತಿದೆ. ಡಿಜಿಟಲ್ ಮೀಟರ್ ಇಲ್ಲಿ ಸುಮ್ನೆ ತಲೆ ತಿನ್ನುತ್ತದೆ, ಅಂಕಿ ಸೊನ್ನೆಗೂ 12ಕ್ಕೂ ಜಿಗಿಯುತ್ತಿರುತ್ತದೆ. ಇದಕ್ಕೆ ಮುಳ್ಳಿನ ಮೀಟರೇ ವಾಸಿ. ಗೇಜ್ ಪರೀಕ್ಷೆ ಮಾಡಲು ಮಾತ್ರ ಯಾರೂ ನೇರ 12 ವೋಲ್ಟ್ ಕೊಡಬೇಡಿ, ಒಳಗಿನ ತಂತಿ ಸುಟ್ಟೀತು.

ಇನ್ನು ಟ್ಯಾಂಕಿನ ಕಡೆ. ಅಲ್ಲಿಂದ ಬರುವುದು ಹಸಿರು-ಕಪ್ಪು ವೈರ್. ಟ್ಯಾಂಕ್ ತುಂಬಿದಾಗ ಸೆಂಡರ್ (ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಭಾಗ) ರೆಸಿಸ್ಟೆನ್ಸ್ ಕಡಿಮೆ, ಖಾಲಿಯಾದಾಗ ಜಾಸ್ತಿ. ವೈರ್ ಜೋಡಿಸುವ ಬುಲೆಟ್ ಕನೆಕ್ಟರ್‌ನಲ್ಲಿ ಕಿಲುಬು ಕಟ್ಟಿದರೆ ಗೇಜ್ ಕಡಿಮೆ ತೋರಿಸುತ್ತದೆ. ಕಿಲುಬು ಇತ್ತು. ಉಜ್ಜಿ, ಹೊಸ ಸ್ಲೀವ್ ಹಾಕಿದೆ. ಹಳೇ ಬ್ರಿಟಿಷ್ ಕಾರಿನ ವೈರಿಂಗ್ ಅಂದರೆ ಜನ ನಗುತ್ತಾರೆ. ನನಗಂತೂ ಬಣ್ಣದ ಲೆಕ್ಕ ಇಷ್ಟ: ಕಂದು ನೇರ ಬ್ಯಾಟರಿಯಿಂದ, ಬಿಳಿ ಕೀ ದಾಟಿ ಬಂದದ್ದು, ಹಸಿರು ಕೀ ಮತ್ತು ಫ್ಯೂಸ್ ಎರಡನ್ನೂ ದಾಟಿದ್ದು. ಹಳೇ ಮಾಲೀಕರು ಸೇರಿಸಿದ ಕೆಂಪು ವೈರುಗಳೇ ನಿಜವಾದ ತಲೆನೋವು, ಅಲ್ವಾ?

ಟೆಂಪರೇಚರ್ ಗೇಜಿಗೆ ವೈರ್ ಹುಡುಕುವವರಿಗೆ ಒಂದು ಮಾತು. ಇಂಗ್ಲೆಂಡ್ ಮಾಡೆಲ್‌ನಲ್ಲಿ ಅದಕ್ಕೆ ಬಲ್ಬ್ ಬಿಟ್ಟರೆ ವೈರ್ ಇಲ್ಲ. ಆಯಿಲ್ ಪ್ರೆಷರ್ ಗೇಜ್ ಜೊತೆ ಒಂದೇ ಡಬ್ಬಿ, ಹಿಂದೆ ತೆಳ್ಳಗಿನ ಕೊಳವೆ. ಅದನ್ನು ಮಡಚಿದರೆ, ಕತ್ತರಿಸಿದರೆ ಗೇಜ್ ಕಥೆ ಮುಗಿಯಿತು.

ಈಗ ಅರ್ಧಕ್ಕೆ ಅರ್ಧ ತೋರಿಸುತ್ತಿದೆ, ಎಂಜಿನ್ ಓಡಿದರೂ ಮುಳ್ಳು ಕದಲುವುದಿಲ್ಲ. ಮುಂದಿನದು ಮಂಕಾಗಿ ಉರಿಯುವ ಪ್ಯಾನೆಲ್ ಬಲ್ಬುಗಳು. ಕೆಂಪು-ಬಿಳಿ ವೈರ್ ಹಿಡಿದು ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ವರೆಗೆ ಹೋಗಬೇಕು.