ನೋಡುವ ಮೊದಲು ಕೇಳಿಸಿಕೊಂಡ ಪುಟ

12 ಜುಲೈ 2025, ಶನಿವಾರ
ನವನಗರ, ಬಾಗಲಕೋಟೆ

ಜಾಲತಾಣ ವಿನ್ಯಾಸಕರ ತರಬೇತಿಯಲ್ಲಿ ಇಂದು, ಅಂಗವಿಕಲರೂ ಬಳಸಬಲ್ಲ ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ನಿಯಮಗಳ ಪಟ್ಟಿಯನ್ನು ಬದಿಗಿರಿಸಿ, ಅಭ್ಯಾಸಕ್ಕೆಂದು ಅವರೇ ರೂಪಿಸಿದ್ದ ಇಳಕಲ್ ಸೀರೆಯ ಅಂಗಡಿಯ ಪುಟವನ್ನು, ಪರದೆಯನ್ನು ಕತ್ತಲಾಗಿಸಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಿಂದ ಓದಿಸಿದೆ. ಮೈಕೆಲ್ ಕರನ್ ಎಂಬ ಅಂಧ ತಂತ್ರಜ್ಞ 2006ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತವಾಗಿರುವುದರಿಂದ, ಅದನ್ನು ಅಳವಡಿಸಿಕೊಳ್ಳದಿರಲು ಯಾವ ವಿನ್ಯಾಸಕನಿಗೂ ಕಾರಣವಿಲ್ಲ.

ಸೀರೆಗಳ ಚಿತ್ರಕೊಂಡಿಗಳು ಬಂದಾಗ ಕೇಳಿಸಿದ್ದು ಕ್ಯಾಮೆರಾ ಕೊಟ್ಟ ಕಡತದ ಹೆಸರುಗಳು ಮಾತ್ರ. ಚಿತ್ರದ ಬದಲು ಓದಿ ಹೇಳಲು ಪರ್ಯಾಯ ಪಠ್ಯ ಬರೆಯಲು ಹೇಳಿದಾಗ ಮೊದಲು ‘ಸುಂದರವಾದ ಹಸಿರು ಸೀರೆ’ ಎಂದು ಬರೆದರು. ಕಣ್ಣು ಕಾಣದ ಗ್ರಾಹಕಿ ಇಷ್ಟನ್ನೇ ನಂಬಿ ಹಣ ಕೊಡುವಳೇ ಎಂದು ಕೇಳಿದ ಮೇಲೆ ಚರ್ಚೆ ಕಾವೇರಿತು; ನೇಕಾರರ ಮನೆಯಿಂದ ಬಂದ ಹುಡುಗಿಯೊಬ್ಬಳು ಎದ್ದು ಒಡಲು, ದಡಿ, ಸೆರಗು ಎಂಬ ಕ್ರಮವನ್ನು ಹಾಕಿಕೊಟ್ಟಳು. ಕೊನೆಗೆ ‘ಹಸಿರು ಒಡಲು, ಕೆಂಪು ಗೋಮಿ ದಡಿ, ಕೆಂಪು-ಬಿಳಿ ಟೋಪ್ ತೆನಿ ಸೆರಗು’ ಎಂಬ ಸಾಲು ಸಿದ್ಧವಾಯಿತು. ನನ್ನ ಪಾಠಕ್ಕಿಂತ ಆ ಸಾಲೇ ಹೆಚ್ಚು ಕಲಿಸಿತೆಂದು ನಂಬುತ್ತೇನೆ.

ಸೀರೆ ಒಗೆಯುವ ಸೂಚನೆಗಳ ಪಿಡಿಎಫ್ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಣಿ ಹೊರಟಿತು. “ಇದೇನ ಓದಾಕತ್ತೈತ್ರಿ ಸರ್?” ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಆಸ್ಕಿ ಫಾಂಟಿನಲ್ಲಿ ಕನ್ನಡವಾಗಿ ಕಾಣುವ ಅಕ್ಷರದ ಹಿಂದೆ ಇರುವುದು ರೋಮನ್ ಸಂಕೇತ. ಯಂತ್ರ ಓದುವುದು ಅದನ್ನೇ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡಿನಲ್ಲಿ ಬರೆದು, ಪುಟದ ಭಾಷೆ ಕನ್ನಡವೆಂದು ಕೋಡಿನಲ್ಲಿ ನಮೂದಿಸದಿದ್ದರೆ, ಎಷ್ಟು ಅಂದವಾದ ಪುಟವೂ ಅಂಧ ಕನ್ನಡಿಗರ ಪಾಲಿಗೆ ಮುಚ್ಚಿದ ಬಾಗಿಲೇ.

ಬೆಲೆಯನ್ನು ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ (ಸಂಕೇತ 777777) ಬರೆದಿದ್ದರು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸದ ಅನುಪಾತ 4.48, ಸಾಮಾನ್ಯ ಗಾತ್ರದ ಅಕ್ಷರಕ್ಕೆ ಬೇಕಾದದ್ದು 4.5. 4.48 ಅನ್ನು ಹತ್ತಿರದ 4.5 ಎಂದು ಲೆಕ್ಕಕ್ಕೆ ಹಿಡಿಯಲು ಅವಕಾಶವಿಲ್ಲ.

ಇದೆಲ್ಲ ಗ್ರಾಹಕರ ಮೇಲಿನ ದಯೆಯಲ್ಲವೆಂದು ಒತ್ತಿ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಕಣ್ಣು ಮಿಟುಕಿಸಲಾಗದೆ, ಗ್ರಾಹಕರ ಗುರುತನ್ನು ಡಿಜಿಟಲ್ ಆಗಿ ಖಚಿತಪಡಿಸುವ ಇ-ಕೆವೈಸಿ ಮುಗಿಸಲಾಗದಿದ್ದ ಆಸಿಡ್ ದಾಳಿ ಸಂತ್ರಸ್ತರ ಅರ್ಜಿಯನ್ನೂ ಆಲಿಸಿದ ಸುಪ್ರೀಂ ಕೋರ್ಟ್, 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿದೆ. ಆ ಮಿಟುಕಿಸುವ ಹಂತವನ್ನು ಕಲ್ಪಿಸಿದವರೂ ವಿನ್ಯಾಸಕರೇ ಎಂದಾಗ ಯಾರೂ ಮಾತನಾಡಲಿಲ್ಲ.

ಮುಂದಿನ ಶನಿವಾರ ಮೌಸ್ ಮುಟ್ಟದೆ, ಕೀಲಿಮಣೆಯೊಂದರಿಂದಲೇ ಸೀರೆ ಕೊಂಡು ಹಣ ಪಾವತಿಸುವ ಅಭ್ಯಾಸ ಮಾಡಿಸಬೇಕು. ಅಷ್ಟರೊಳಗೆ ವಿಳಾಸದ ನಮೂನೆಯ ಪ್ರತಿ ಚೌಕಕ್ಕೂ ಅದರಲ್ಲಿ ಏನು ತುಂಬಬೇಕೆಂದು ಹೇಳುವ ಹೆಸರುಪಟ್ಟಿ (ಲೇಬಲ್) ಅಂಟಿಸಿ ತರಲು ತಿಳಿಸಿದ್ದೇನೆ.