ಎಷ್ಟು ಕೊಡ್ತಾರೆ?

ಏನೂ ಕೊಡಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಪಕ್ಷದ ಬೂತ್ ಕೆಲಸ ಮಾಡುತ್ತೇನೆ ಅಂದ ತಕ್ಷಣ, ಅದು ಬೆಣ್ಣೆದೋಸೆ ಹೋಟೆಲ್ ಇರಲಿ, ಮದುವೆ ಮನೆ ಇರಲಿ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ ಪಕ್ಕ ಇರಲಿ, ದಾವಣಗೆರೆಯಲ್ಲಿ ಮೊದಲು ಬರುವ ಮಾತು ಇದೇ. "ಎಷ್ಟು ಕೊಡ್ತಾರೆ?" ಸ್ವಲ್ಪ ನಾಜೂಕಿನವರು "ನಿಮಗೇನು ಸಿಗುತ್ತೆ ಇದ್ರಲ್ಲಿ?" ಅನ್ನುತ್ತಾರೆ. ತೀರಾ ಹತ್ತಿರದವರು ಹೆಗಲ ಮೇಲೆ ಕೈ ಹಾಕಿ "ಯಾವ ನಿಗಮಕ್ಕೆ ಹೆಸರು ಹೋಗೈತಣ್ಣ?" ಅಂತ ಕಿವಿಯಲ್ಲಿ ಕೇಳುತ್ತಾರೆ.

ಲೆಕ್ಕ ಬೇಕಾದವರಿಗೆ ಲೆಕ್ಕ. ಮತದಾನದ ದಿನ ಬೆಳಿಗ್ಗೆ ಟೀ, ತಿಂಡಿ. ಮಧ್ಯಾಹ್ನ ಪೊಟ್ಟಣದಲ್ಲಿ ಚಿತ್ರಾನ್ನ ಇಲ್ಲವೇ ಪಲಾವ್. ಸಂಜೆ ಯಾರಾದರೂ ನೆನಪಿಟ್ಟರೆ ಮಂಡಕ್ಕಿ, ಮೆಣಸಿನಕಾಯಿ. ಮಾಯಕೊಂಡದ ಕಡೆ ಹಳ್ಳಿಗಳಿಗೆ ಬೈಕಿನಲ್ಲಿ ಓಡಾಡಿದರೆ ಪೆಟ್ರೋಲ್. ಅದೂ ಪುಕ್ಕಟೆ ಅಲ್ಲ, ಅಭ್ಯರ್ಥಿಯ ಖರ್ಚಿನ ಪುಸ್ತಕಕ್ಕೆ ಏರಬೇಕು. ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷ, ಲೋಕಸಭೆಗೆ 95 ಲಕ್ಷ ದಾಟುವಂತಿಲ್ಲ. ಒಂದು ಟೀಗೆ ಎಷ್ಟು, ಒಂದು ಊಟಕ್ಕೆ ಎಷ್ಟು, ಒಂದು ಕುರ್ಚಿ ಬಾಡಿಗೆಗೆ ಎಷ್ಟು ಅಂತ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಮಾಡಿಟ್ಟಿರುತ್ತಾರೆ.

ಸಮಾವೇಶಕ್ಕೆ ಕೂಲಿ ಕೊಟ್ಟು ಜನ ತುಂಬಿಸುತ್ತಾರೆ, ನಿಜ. ಹಿಂದಿನ ರಾತ್ರಿ ನೋಟು ಹಂಚುವವರಿದ್ದಾರೆ, ಅದೂ ನಿಜ, ಅದು ಅಪರಾಧ. ಅವರನ್ನೂ ಮೂರು ತಿಂಗಳು ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುವವರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದು ನನಗೆ ಸಿಟ್ಟು ತರಿಸುತ್ತದೆ. ದುಗ್ಗಮ್ಮನ ಜಾತ್ರೆಯಲ್ಲಿ ಬೆವರು ಸುರಿಸಿಕೊಂಡು ಪಂಕ್ತಿಗೆ ಬಡಿಸುವ ಹುಡುಗನನ್ನು "ಎಷ್ಟು ಕೊಡ್ತಾರೆ?" ಅಂತ ಯಾರೂ ಕೇಳುವುದಿಲ್ಲ. ಅವನದು ಸೇವೆ. ಆರು ಕಿಲೋಮೀಟರ್ ನಡೆದು ಒಬ್ಬ ವಿಧವೆಯ ಹೆಸರನ್ನು ಪಟ್ಟಿಗೆ ಸೇರಿಸಿ ಬಂದವರದ್ದು ಮಾತ್ರ ವ್ಯಾಪಾರ ಹೇಗಾಯಿತು?

ಆ ಪ್ರಶ್ನೆಯಲ್ಲಿ ಇನ್ನೊಂದು ತಪ್ಪಿದೆ. ಕೆಲಸ ಅಂದರೆ ಚುನಾವಣೆ ಘೋಷಣೆಯಾದ ಮೇಲೆ ಬಾವುಟ ಕಟ್ಟಿ ಜೈಕಾರ ಹಾಕುವುದು ಅಂತ ಅದು ತಿಳಿದುಕೊಂಡಿದೆ. ಘೋಷಣೆಯಾಗುವ ಹೊತ್ತಿಗೆ ಬೂತ್‌ನವರ ಕೆಲಸದಲ್ಲಿ ಮುಖ್ಯವಾದ ಅರ್ಧ ಮುಗಿದಿರಬೇಕು. ಹೊಸ ಹೆಸರಿನ ಅರ್ಜಿ ನಾಮಪತ್ರದ ಕೊನೆಯ ದಿನಕ್ಕೆ ಸುಮಾರು ಹತ್ತು ದಿನ ಮೊದಲೇ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ವಿಚಾರಣೆ ಮುಗಿದು ಪಟ್ಟಿಗೆ ಬರುವಷ್ಟು ಸಮಯ ಸಿಗುವುದಿಲ್ಲ. ಮತದಾನಕ್ಕೆ ಮೂರು ದಿನ ಇದ್ದಾಗ "ನಮ್ಮ ಹುಡುಗಂದು ಒಂದು ಹೆಸರು ಸೇರಿಸಿಬಿಡಿ ಅಣ್ಣಾ" ಅಂತ ಬಂದರೆ ದೇವರೇ ಬಂದರೂ ಆಗುವುದಿಲ್ಲ. ಹದಿನೆಂಟು ತುಂಬಿದೆಯಾ ಅಂತ ಲೆಕ್ಕ ಹಾಕಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಚೆಯೇ ಅರ್ಜಿ ಹಾಕಿಟ್ಟರೆ ಹದಿನೆಂಟು ತುಂಬಿದ ಮೇಲೆ ಬರುವ ದಿನಾಂಕಕ್ಕೆ ಹೆಸರು ಸೇರುತ್ತದೆ.

ಯಾರಾದರೂ ಒಬ್ಬರು, ಒಂದೇ ಒಂದು ಸಲ, ಹೀಗೆ ಕೇಳಲಿ ಅಂತ ಆಸೆ: "ಪಟ್ಟಿ ಕೈಗೆ ಬಂದಾಗ ಮೊದಲು ಏನು ನೋಡ್ತೀರಾ?"

ಮೊದಲು ನೋಡುವುದು ಮನೆ ಸಂಖ್ಯೆ. ಒಂದು ಪುಟದಲ್ಲಿ ಮೂವತ್ತು ಹೆಸರು. ಒಂದು ಬೂತ್‌ಗೆ ಸಾವಿರದ ನೂರು ಮತದಾರರಿದ್ದರೆ ಮೂವತ್ತೇಳು ಪುಟ, ಸುಮಾರು ಮುನ್ನೂರು ಮನೆ. ಸಂಜೆ ಎರಡು ಗಂಟೆ ತಿರುಗಿದರೆ ಇಪ್ಪತ್ತು ಮನೆ ಆಗುತ್ತದೆ, ಅಂದರೆ ಹದಿನೈದು ಸಂಜೆ. ಮನೆ ಸಂಖ್ಯೆ ಜಾಗದಲ್ಲಿ ಸೊನ್ನೆ ಇದ್ದರೆ, ಅಥವಾ ಒಂದೇ ಸಂಖ್ಯೆಯಲ್ಲಿ ನಲವತ್ತು ಹೆಸರಿದ್ದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಎಲ್ಲವೂ ಮೋಸ ಅಲ್ಲ. ನಿಟ್ಟುವಳ್ಳಿಯಲ್ಲಿ, ಹಳೇಪೇಟೆಯಲ್ಲಿ ಒಂದೇ ವಠಾರಕ್ಕೆ ಒಂದೇ ನಂಬರ್ ಇರುವುದು ಮಾಮೂಲು. ಆದರೆ ನೋಡದೆ ಗೊತ್ತಾಗುವುದಿಲ್ಲ. ಆಮೇಲೆ ತೊಂಬತ್ತು ದಾಟಿದ ವಯಸ್ಸು: ಅಜ್ಜಿ ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿರಬಹುದು, ತೀರಿಕೊಂಡು ಎಂಟು ವರ್ಷವೂ ಆಗಿರಬಹುದು. ಆಮೇಲೆ ಇಪ್ಪತ್ತೆರಡರಿಂದ ಇಪ್ಪತ್ತೆಂಟರ ಹೆಣ್ಣುಮಕ್ಕಳು. ಪಟ್ಟಿ ಅತಿ ಹೆಚ್ಚು ಸೋಲುವುದು ಇವರ ಹತ್ತಿರವೇ. ಹರಿಹರದ ಮಗಳು ವಿನೋಬ ನಗರದ ಸೊಸೆಯಾಗಿ ಬಂದು ಮೂರು ವರ್ಷ ಆಗಿರುತ್ತದೆ. ತವರಿನಲ್ಲಿ "ಅವಳು ಇಲ್ಲಿಲ್ಲ" ಅಂತ ಹೆಸರು ತೆಗೆದಿರುತ್ತಾರೆ, ಗಂಡನ ಮನೆಯಲ್ಲಿ ಸೇರಿಸಿರುವುದಿಲ್ಲ. ಬಾಗಿಲಲ್ಲಿ ನಿಂತು ಮಾವನನ್ನು ಕೇಳಿದರೆ "ಎಲ್ಲಾರ್ದೂ ಐತೆ" ಅನ್ನುತ್ತಾರೆ. ತಂಡದಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು ಅನ್ನುವುದು ಇದಕ್ಕೇ. ಅವರು ಅಡುಗೆಮನೆ ತನಕ ಹೋಗಿ "ಯಕ್ಕಾ, ನಿಂದು ಎಲ್ಲೈತೆ?" ಅಂದಾಗ ನಿಜ ಹೊರಗೆ ಬರುತ್ತದೆ.

ಇಂಥವರಿಗೆ ಯಾವ ನಮೂನೆ ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ನಮೂನೆ 6 ಮೊದಲ ಸಲ ಹೆಸರು ಸೇರಿಸುವವರಿಗೆ. ಎಲ್ಲೋ ಒಂದು ಕಡೆ ಹೆಸರಿದ್ದು ಊರು ಅಥವಾ ಬಡಾವಣೆ ಬದಲಿಸಿದವರಿಗೆ, ಕಾಗುಣಿತ ತಿದ್ದುವವರಿಗೆ, ಕಾರ್ಡ್ ಕಳೆದವರಿಗೆ ನಮೂನೆ 8. 2022ಕ್ಕೆ ಮೊದಲು ಕ್ಷೇತ್ರ ಬದಲಾದರೆ 6 ತುಂಬಬೇಕಿತ್ತು. ಹಳೆ ತಲೆಗಳು ಈಗಲೂ ಅದನ್ನೇ ತುಂಬಿಸಿ ಒಬ್ಬಳೇ ಹೆಂಗಸನ್ನು ಎರಡು ಊರಿನ ಮತದಾರಳಾಗಿ ಮಾಡಿಬಿಡುತ್ತಾರೆ. ತಪ್ಪು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಶಿಕ್ಷೆ ಇದೆ, ಸಹಿ ಅವಳದ್ದು.

ನಮೂನೆ 7 ಹೆಸರು ತೆಗೆಯಲು. ಸತ್ತವರದ್ದು, ಬಿಟ್ಟು ಹೋದವರದ್ದು ತೆಗೆಯಲೇಬೇಕು. ಆದರೆ ಇದನ್ನು ತುಂಬುವ ಕೈಗೆ ಭಯ ಇರಬೇಕು. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 6,018 ಹೆಸರು ತೆಗೆಯಲು ಅರ್ಜಿ ಬಂದವು. ಪರಿಶೀಲಿಸಿದರೆ ಸರಿಯಿದ್ದದ್ದು 24. ಅದು ಬೆಳಕಿಗೆ ಬಂದದ್ದು ಬಿಎಲ್‌ಓ, ಅಂದರೆ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ ಒಬ್ಬರು ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಸಾಲಿನಲ್ಲಿರುವುದನ್ನು ಕಂಡದ್ದರಿಂದ. ಆ ಒಬ್ಬರು ಸಾಲು ಸಾಲಾಗಿ ಓದಿದರು, ಅಷ್ಟೇ. ಪಕ್ಷದ ಕಡೆಯಿಂದ ಬೂತ್ ಮಟ್ಟದ ಏಜೆಂಟರು ಇರುವುದೂ ಅದಕ್ಕೇ, ಸಾಲು ಸಾಲಾಗಿ ಓದಲು. ಗುಳೆ ಹೋದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ಅಂದರೆ ಊರು ಬಿಟ್ಟರು ಅಂತಲ್ಲ. ಪಕ್ಕದ ಮನೆಯವರ ಹತ್ತಿರ ನಂಬರ್ ತೆಗೆದುಕೊಂಡು ಫೋನ್ ಮಾಡಿ. ಹಬ್ಬಕ್ಕೆ ಬರುತ್ತಾರಾ, ಅಲ್ಲಿ ಹೆಸರು ಸೇರಿಸಿಕೊಂಡಿದ್ದಾರಾ ಕೇಳಿ. ಎರಡು ನಿಮಿಷದ ಮಾತು ಒಂದು ಮತ ಉಳಿಸುತ್ತದೆ.

"ಒಂದು ವೋಟಿಂದ ಏನಾಗುತ್ತೆ?" ಅಂತ ಕೇಳುವವರೂ ಇದ್ದಾರೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ ಬಂದದ್ದು 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಜಯನಗರದ ಅಂತರ 16. ಒಂದು ವಠಾರದಲ್ಲಿ ಹದಿನಾರು ಮತ ಇರುತ್ತದೆ.

ಇನ್ನು ಮತದಾನದ ದಿನ. ಮತಗಟ್ಟೆ ಏಜೆಂಟ್ ಅಂದರೆ ಬೆಂಚಿನ ಮೇಲೆ ಕೂತು ಆಕಳಿಸುವವ ಅಂತ ತಿಳಿದವರು ಬೆಳಿಗ್ಗೆ ಐದೂಕಾಲಿಗೆ ಶಾಲೆಯ ಗೇಟಿಗೆ ಬರಲಿ. ಕೈಯಲ್ಲಿ ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದ ನಮೂನೆ 10 ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಏಳಕ್ಕೆ ಮತದಾನ ಅಂದರೆ ಐದೂವರೆಗೆ ಅಣಕು ಮತದಾನ, ಯಂತ್ರ ಸರಿಯಿದೆಯಾ ಅಂತ ನೋಡಲು. ಕನಿಷ್ಠ 50 ಮತ, ನೋಟಾ ಸೇರಿ ಎಲ್ಲ ಗುಂಡಿಗೂ ಬೀಳಬೇಕು. ಯಾರಿಗೆ ಎಷ್ಟು ಒತ್ತಿದಿರಿ ಅಂತ ಕಾಗದದಲ್ಲಿ ಗೀಟು ಹಾಕಿಕೊಳ್ಳಿ. ಕಂಟ್ರೋಲ್ ಯೂನಿಟ್ಟಿನ (ಮತ ಲೆಕ್ಕ ಇಡುವ ಯಂತ್ರದ) ಫಲಿತಾಂಶ, ವಿವಿಪ್ಯಾಟ್ (ಒತ್ತಿದ ಮತವನ್ನು ಚೀಟಿಯಲ್ಲಿ ಮುದ್ರಿಸುವ ಯಂತ್ರ) ಚೀಟಿ, ನಿಮ್ಮ ಗೀಟು, ಮೂರೂ ಕೂಡಬೇಕು. ಅಷ್ಟಾದ ಮೇಲೆ ಎಲ್ಲರೂ ನಿಟ್ಟುಸಿರು ಬಿಟ್ಟು ಟೀ ಕಡೆ ತಿರುಗುತ್ತಾರೆ. ಆಗಲೇ ತಪ್ಪಾಗುವುದು. 'ಕ್ಲಿಯರ್' ಒತ್ತಿದರೋ ಇಲ್ಲವೋ ಅಂತ ನಿಂತು ನೋಡಬೇಕು. ಒತ್ತದಿದ್ದರೆ ಆ ಐವತ್ತು ಅಣಕು ಮತ ನಿಜದ ಮತದ ಜೊತೆ ಸೇರಿ ಎಣಿಕೆ ದಿನ ಆ ಯಂತ್ರವನ್ನೇ ಪಕ್ಕಕ್ಕೆ ಇಡಬೇಕಾಗುತ್ತದೆ. ಪರದೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಯ ಮುಂದೆಯೂ ಸೊನ್ನೆ ಬರುವುದನ್ನು ಕಣ್ಣಾರೆ ಕಾಣಿ. ವಿವಿಪ್ಯಾಟ್ ಡಬ್ಬಿ ಖಾಲಿ ಇರುವುದನ್ನು ಕೇಳಿ ನೋಡಿ. ಅಣಕು ಚೀಟಿಗಳ ಹಿಂದೆ ಮುದ್ರೆ ಬಿದ್ದು ಅವು ಕಪ್ಪು ಲಕೋಟೆಗೆ ಹೋಗಬೇಕು. ಆಮೇಲೆ ಯಂತ್ರಕ್ಕೆ ಹಸಿರು ಕಾಗದದ ಸೀಲ್. ಅದರ ಸಂಖ್ಯೆ ಬರೆದುಕೊಂಡು, ಅದರ ಮೇಲೆ ಸಹಿ ಹಾಕಿ. ಎಣಿಕೆ ದಿನ ಮೇಜಿನ ಮೇಲೆ ಬರುವ ಯಂತ್ರ ಇದೇನಾ ಅಂತ ಹೇಳಬಲ್ಲದ್ದು ಆ ಸಂಖ್ಯೆ ಮತ್ತು ಆ ಸಹಿ.

ಹೊರಗೆ ಟೇಬಲ್ ಹಾಕುವವರಿಗೂ ಕಟ್ಟು ಇದೆ. ಮತಗಟ್ಟೆಯಿಂದ ನೂರು ಮೀಟರ್ ಒಳಗೆ ಪ್ರಚಾರ ಇಲ್ಲ. ಪಕ್ಷದ ಟೇಬಲ್ ಮೊದಲು ಇನ್ನೂರು ಮೀಟರ್ ಆಚೆ ಇರಬೇಕಿತ್ತು, 2025ರಿಂದ ನೂರರ ಆಚೆ ಹಾಕಬಹುದು. ನೀವು ಕೊಡುವ ಚೀಟಿ ಬಿಳಿ ಹಾಳೆ ಇರಬೇಕು: ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಚಿಹ್ನೆ, ಅಭ್ಯರ್ಥಿಯ ಹೆಸರು ಇದ್ದರೆ ಅದೇ ಒಂದು ಕೇಸು. ಚೀಟಿ ಕೊಡುವಾಗಲೇ "ಯಾವ ಕಾರ್ಡ್ ತಂದೀರಾ?" ಅಂತ ಕೇಳಿ. ರೇಷನ್ ಕಾರ್ಡ್ ಹಿಡಿದು ಬಂದವರನ್ನು ಅಲ್ಲಿಂದಲೇ ಮನೆಗೆ ಕಳಿಸಿ ಆಧಾರ್ ತರಿಸಿ. ಬಿಸಿಲಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತು ವಾಪಸಾದವರು ಮತ್ತೆ ಬರುವುದಿಲ್ಲ. ವೋಟರ್ ಕಾರ್ಡ್ ಕೈಯಲ್ಲಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದವರು ಬಂದೇ ಬರುತ್ತಾರೆ, ಜಗಳ ಆಗಿಯೇ ಆಗುತ್ತದೆ. ಕಾರ್ಡ್ ಇದ್ದರೆ ಸಾಲದು, ಹೆಸರು ಪಟ್ಟಿಯಲ್ಲಿರಬೇಕು. ಅವರ ಮೇಲೆ ರೇಗಬೇಡಿ. ಆರು ತಿಂಗಳ ಹಿಂದೆ ಆ ಮನೆ ಬಾಗಿಲಿಗೆ ಹೋಗದವರು ನಾವು.

ಒಳಗಿರುವ ಏಜೆಂಟ್ ಜೇಬಿನಲ್ಲಿ ಎರಡು ರೂಪಾಯಿ ನಾಣ್ಯಗಳಿರಲಿ. ಬಂದವನು ಆ ಹೆಸರಿನವನಲ್ಲ ಅಂತ ಖಚಿತ ಇದ್ದರೆ ಎರಡು ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನ ಕೊಡುತ್ತಾರೆ. ಇನ್ನೊಬ್ಬರು ತನ್ನ ಹೆಸರಲ್ಲಿ ಮತ ಹಾಕಿ ಹೋಗಿದ್ದಾರೆ ಅಂತ ಯಾರಾದರೂ ಬಂದರೆ ಅವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಕಾಗದದ ಟೆಂಡರ್ ಮತಪತ್ರ ಅವರ ಹಕ್ಕು, ಕೇಳಿ ಕೊಡಿಸಿ. ಊಟಕ್ಕೆ ಎದ್ದು ಹೋಗುವಾಗ ಗುರುತು ಹಾಕಿದ ಪಟ್ಟಿಯನ್ನು ಬದಲಿ ಏಜೆಂಟ್ ಕೈಗೆ ಕೊಡಿ. ಅದು ಹೊರಗೆ ಹೋಗುವಂತಿಲ್ಲ.

ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಮತ ಹಾಕುವ ಹಕ್ಕಿದೆ. ಅಧ್ಯಕ್ಷಾಧಿಕಾರಿ ಸಹಿ ಮಾಡಿದ ಚೀಟಿ ಹಂಚುತ್ತಾರೆ. ಒಂದನೇ ನಂಬರ್ ಸಾಲಿನ ಕೊನೆಯವರಿಗೆ ಹೋಗಬೇಕು, ಅಲ್ಲಿಂದ ಮುಂದಕ್ಕೆ ಹಂಚುತ್ತಾ ಬರಬೇಕು. ಮುಂದಿನಿಂದ ಶುರು ಮಾಡಿದರೆ ಹಿಂದೆ ಜನ ಸೇರುತ್ತಲೇ ಇರುತ್ತಾರೆ.

ನಮ್ಮವರು ಎದ್ದು ಹೋಗುವುದು ಈ ಹೊತ್ತಿನಲ್ಲೇ. ಹದಿಮೂರು ಗಂಟೆ ಕೂತ ಸೊಂಟ, ಹಸಿವು, ಹೊರಗೆ ಗೆಳೆಯರ ಬೈಕ್ ಸದ್ದು. ಆದರೆ ಆ ದಿನದ ಎಲ್ಲ ಕೆಲಸವೂ ಬಂದು ನಿಲ್ಲುವುದು ನಮೂನೆ 17ಸಿ ಅನ್ನುವ ಒಂದು ಹಾಳೆಯಲ್ಲಿ. ಮತ ಹಾಕಿದವರ ರಿಜಿಸ್ಟರ್ ಪ್ರಕಾರ ಎಷ್ಟು ಜನ, ಸಹಿ ಹಾಕಿ ಮತ ಬೇಡ ಅಂದವರು ಎಷ್ಟು, ಯಂತ್ರದ ಪ್ರಕಾರ ಒಟ್ಟು ಮತ ಎಷ್ಟು, ಸೀಲ್‌ಗಳ ಸಂಖ್ಯೆ ಯಾವುದು, ಎಲ್ಲವೂ ಅದರಲ್ಲಿರುತ್ತದೆ. ಹಾಜರಿರುವ ಪ್ರತಿ ಏಜೆಂಟ್‌ಗೂ ಅದರ ಪ್ರತಿ ಕೊಡಲೇಬೇಕು. ಎದ್ದು ಹೋದವರಿಗೆ ಸಿಗುವುದಿಲ್ಲ. ಎಣಿಕೆ ದಿನ ಮೇಜಿನ ಜಾಲರಿ ಆಚೆ ನಿಂತ ನಮ್ಮ ಎಣಿಕೆ ಏಜೆಂಟ್ ಕೈಯಲ್ಲಿ ಆ ಹಾಳೆ ಇಲ್ಲದಿದ್ದರೆ, ಯಂತ್ರ 812 ತೋರಿಸಿದರೆ 812 ಸರಿಯಾ ಅಂತ ಹೇಳಲು ಅವರ ಬಳಿ ಏನೂ ಇರುವುದಿಲ್ಲ.

ಅದಕ್ಕೆ ಕೂತಿರಿ. 17ಸಿಯ ಎರಡನೇ ಸಾಲಿನಿಂದ (ರಿಜಿಸ್ಟರ್ ಲೆಕ್ಕ) ಮೂರನೆಯದನ್ನೂ (ಮತ ಬೇಡ ಅಂದವರು) ನಾಲ್ಕನೆಯದನ್ನೂ (ಮತ ಹಾಕಲು ಬಿಡದವರು) ಕಳೆದು ಆರನೇ ಸಾಲಿಗೆ (ಯಂತ್ರದ ಲೆಕ್ಕ) ಹೋಲಿಸಿ. ಕೂಡದಿದ್ದರೆ ಅಲ್ಲೇ ಕೇಳಿ. ಕಾರ್ಬನ್ ಪ್ರತಿ ಮಸುಕಾಗಿದ್ದರೆ ಅಂಕಿಗಳನ್ನು ಅವರ ಎದುರೇ ಓದಿಸಿಕೊಂಡು ಪೆನ್ನಿನಲ್ಲಿ ತಿದ್ದಿಸಿ, ಸಹಿ, ಮುದ್ರೆ ನೋಡಿ. ಯಂತ್ರದ ಪೆಟ್ಟಿಗೆಯ ವಿಳಾಸದ ಚೀಟಿ ಮೇಲೆ ನಿಮ್ಮ ಸಹಿಯೂ ಬೀಳಲಿ. ಹಾಳೆಯನ್ನು ಬೆವರಿನ ಜೇಬಿಗೆ ತುರುಕದೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಮನೆಗೆ ಹೋಗುವ ಮೊದಲು ವಾರ್ಡ್ ಕಚೇರಿಯಲ್ಲಿ ಕೊಟ್ಟು, ಬೂತ್ ಸಂಖ್ಯೆಯ ಎದುರು ಗುರುತು ಹಾಕಿಸಿ. ಊಟ ಆಮೇಲೆ.