ತೋಟದ ಜೀಪಿಗೆ ಒಂದು ಕಾರ್ ಶೋ: ಇಲ್ಲಿವರೆಗೆ ಆದ ಕೆಲಸ

ಟಿವಿಯಲ್ಲಿ ಬರುವ ಕಾರ್ ಶೋಗಳ ಹಾಗೆ ಒಂದು ಕಂತು ಮಾಡಬೇಕು, ಆದರೆ ಕೊಡಗಿನ ತೋಟದ ಗಾಡಿಯ ಬಗ್ಗೆ. ಇಷ್ಟೇ ನಮ್ಮ ಪ್ಲಾನ್. ಹತ್ತು ಹನ್ನೆರಡು ನಿಮಿಷ ಬಂದರೆ ಸಾಕು. ಗಾಡಿ ದೊಡ್ಡಪ್ಪನ ಮಹೀಂದ್ರಾ ಎಂಎಂ 540 ಜೀಪು. ಜಾಗ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಕ್ಯಾಮೆರಾ ನನ್ನದು, ಮೈಕು ಮತ್ತು ರೆಕಾರ್ಡರ್ ಸಾಲ ತಂದದ್ದು, ಓಡಿಸುವವನು ಅಕ್ಕನ ಮಗ. ನಿರೂಪಕರು ದೊಡ್ಡಪ್ಪ. ಅದು ಅವರಿಗೆ ಇನ್ನೂ ಹೇಳಿಲ್ಲ.

ಜನವರಿ

ರೊಬಸ್ಟಾ ಕೊಯ್ಲು ಶುರುವಾಗಿದೆ, ಹಗಲು ಬಿಡುವಿಲ್ಲ. ಹಾಗಾಗಿ ರಾತ್ರಿ ಕೂತು ಹಳೇ ಶೋಗಳನ್ನು ನೋಡಿದೆವು. ಸುಮ್ನೆ ನೋಡಿದ್ದಲ್ಲ. ಒಂದು ಸಲ ಸೌಂಡ್ ಪೂರ್ತಿ ತೆಗೆದು ನೋಡುವುದು. ಇನ್ನೊಂದು ಸಲ ಟಿವಿಗೆ ಬೆನ್ನು ಹಾಕಿ ಕೂತು ಬರೀ ಕೇಳುವುದು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದರು.

ಮೊದಲು ವೀಲರ್ ಡೀಲರ್ಸ್. 2003ರಲ್ಲಿ ಶುರುವಾದ ಶೋ. ಮೈಕ್ ಬ್ರೂವರ್ ಹಳೇ ಕಾರು ಕೊಂಡು ತರುತ್ತಾರೆ, ಎಡ್ ಚೈನಾ ರಿಪೇರಿ ಮಾಡುತ್ತಾರೆ, ಆಮೇಲೆ ಮಾರುತ್ತಾರೆ. ಕೊನೆಗೆ ಹೇಳುವ ಲಾಭದಲ್ಲಿ ಎಡ್ ಚೈನಾ ಕೂಲಿ ಸೇರುವುದಿಲ್ಲ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹೀಗೆ ಬರೆದರೆ ದೊಡ್ಡಪ್ಪ ಅವರನ್ನು ಅದೇ ಸಂಜೆ ಕೂರಿಸಿಕೊಂಡು ಕೇಳುತ್ತಾರೆ. ಅದಿರಲಿ. ಕೊಳ್ಳುವುದು, ಮಾರುವುದು ಬರೀ ಹೊದಿಕೆ. ಜನ ಕೂತು ನೋಡಿದ್ದು ನಡುವಿನ ವರ್ಕ್‌ಶಾಪ್ ಭಾಗವನ್ನೇ. 2017ರಲ್ಲಿ ಎಡ್ ಚೈನಾ ಶೋ ಬಿಟ್ಟರು. ವರ್ಕ್‌ಶಾಪ್ ಭಾಗ ಚಿತ್ರೀಕರಿಸುವುದು ಕಷ್ಟ ಅಂತ ಚಾನೆಲ್‌ನವರು ಅದನ್ನು ಕಡಿಮೆ ಮಾಡಲು ಹೊರಟಿದ್ದಾರೆ ಎಂದು ಅವರೇ ವಿಡಿಯೊ ಮಾಡಿ ಹೇಳಿದ್ದರು. ಬೆನ್ನು ಹಾಕಿ ಕೇಳಿದಾಗ ಅದು ಯಾಕೆ ಕಷ್ಟ ಅಂತ ತಿಳಿಯಿತು. ರ್‍ಯಾಚೆಟ್ ಸ್ಪ್ಯಾನರ್ ತಿರುಗುವ ಕಟಕಟ, ತುಕ್ಕು ಹಿಡಿದ ನಟ್ ಒಮ್ಮೆಲೇ ಬಿಡುವ ಸದ್ದು, ಎಲ್ಲ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಅಷ್ಟು ಹತ್ತಿರ ಮೈಕು ಇಟ್ಟು, ಅದು ಕ್ಯಾಮೆರಾಕ್ಕೆ ಕಾಣದ ಹಾಗೆ ಮಾಡಿ, ಅದರ ಜೊತೆ ಕೆಲಸವೂ ನಡೆಯಬೇಕು.

ಟಾಪ್ ಗೇರ್ ಬಿಬಿಸಿಯಲ್ಲಿ ಶುರುವಾದದ್ದು 1977ರಲ್ಲಿ. ನಾವೆಲ್ಲ ನೋಡಿದ್ದು 2002ರಲ್ಲಿ ಹೊಸದಾಗಿ ಬಂದ ರೂಪ. 2011ರ ಡಿಸೆಂಬರಿನಲ್ಲಿ ಅವರ ಇಂಡಿಯಾ ಕಂತು ಬಂತು. ಒಂದು ಜಾಗ್ವಾರ್, ಒಂದು ರೋಲ್ಸ್ ರಾಯ್ಸ್, ಒಂದು ಮಿನಿ ತೆಗೆದುಕೊಂಡು ಮುಂಬೈಯಿಂದ ಹಿಮಾಲಯದ ಕಡೆ ಹೊರಟಿದ್ದರು. ಅದರಲ್ಲಿನ ಜೋಕುಗಳು ನನಗೆ ರುಚಿಸಲಿಲ್ಲ. ಲಂಡನ್ನಿನ ಭಾರತೀಯ ಹೈಕಮಿಷನ್ ಕೂಡ ದೂರು ಕೊಟ್ಟಿತ್ತು. ಆದರೆ ಸೌಂಡ್ ತೆಗೆದು ನೋಡಿದರೆ ಅದೇ ಶೋ ಬೇರೆ ಥರ ಕಾಣುತ್ತದೆ. ಅಂಥ ಬೆಳಕು, ಅಂಥ ಕಟ್ ಇವತ್ತಿಗೂ ಕಡಿಮೆ.

ಹಿಮದ ರಸ್ತೆಗಳಲ್ಲಿ ಲಾರಿ ಓಡಿಸುವವರ ಶೋ ಐಸ್ ರೋಡ್ ಟ್ರಕರ್ಸ್‌ನವರು 2010ರಲ್ಲಿ ಇಂಡಿಯಾಕ್ಕೆ ಬಂದು ಹಿಮಾಲಯದ ರಸ್ತೆಗಳಲ್ಲಿ ಲಾರಿ ಓಡಿಸಿದ ಸರಣಿಯನ್ನೂ ನೋಡಿದೆವು. ಪ್ರತಿ ತಿರುವಿಗೂ ಢಮಾರ್ ಅನ್ನುವ ಸಂಗೀತ. ಮಂಜು ಕವಿದ ಸಂಪಾಜೆ ಘಾಟಿಯಲ್ಲಿ ರಾತ್ರಿ ಬಸ್ಸು ಇಳಿಸುವ ನಮ್ಮ ಡ್ರೈವರ್‌ಗೆ ಇದನ್ನು ತೋರಿಸಿದರೆ ಏನನ್ನಬಹುದು ಅಂತ ಯೋಚಿಸಿ ನಕ್ಕೆವು. ಸಂಗೀತ ಬೇಡ ಅಂತ ಆವತ್ತೇ ತೀರ್ಮಾನ ಆಯಿತು. ಎಂಜಿನ್ ಸದ್ದೇ ಸಂಗೀತ.

ಫೆಬ್ರವರಿ

ಸಂಜೆ ಹಣ್ಣಿನ ಮೂಟೆ ಕಣಕ್ಕೆ ಸಾಗಿಸಿ ಆದ ಮೇಲೆ ಜೀಪಿನ ಸದ್ದು ರೆಕಾರ್ಡ್ ಮಾಡಿದೆವು. ಶೆಡ್ಡಿನ ಮುಂದೆ, ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ. ಹೆಡ್‌ಫೋನಿನಲ್ಲಿ ಕೇಳಿದರೆ ಎದೆ ನಡುಗುವ ಹಾಗಿದೆ. ಅದನ್ನೇ ಫೋನಿನಲ್ಲಿ ಹಾಕಿದರೆ ಜೀಪೇ ಇಲ್ಲ! ಬರೀ ಟಕಟಕ ಅನ್ನುವ ಟ್ಯಾಪೆಟ್ (ಎಂಜಿನ್ ವಾಲ್ವ್ ಒತ್ತುವ ಭಾಗ) ಸದ್ದು. ಯಾರೋ ಟೈಪ್‌ರೈಟರ್ ಕುಟ್ಟುತ್ತಿರುವಂತೆ.

ಕಾಗದದ ಮೇಲೆ ಲೆಕ್ಕ ಹಾಕಿದೆ. ಇದು ನಾಲ್ಕು ಸಿಲಿಂಡರಿನ 2.1 ಲೀಟರ್ ಪ್ಯೂಜೊ ಡೀಸೆಲ್ ಎಂಜಿನ್. ಫೋರ್ ಸ್ಟ್ರೋಕ್ ಆದ್ದರಿಂದ ಒಂದೊಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ, ನಾಲ್ಕೂ ಸೇರಿ ಒಂದು ಸುತ್ತಿಗೆ ಎರಡು ಸಲ. ಐಡಲ್‌ನಲ್ಲಿ ನಿಮಿಷಕ್ಕೆ 750 ಸುತ್ತು ಅಂದುಕೊಂಡರೆ ಸೆಕೆಂಡಿಗೆ 25 ಸಲ. ಅಂದರೆ 25 ಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20ರಿಂದ ಮೇಲೆ. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ.

ಇದನ್ನು ಫಾರ್ಮುಲಾ ಒನ್ ಜೊತೆ ಇಟ್ಟು ನೋಡಿ. 2013ರವರೆಗೆ ಇದ್ದದ್ದು 2.4 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ನಿಮಿಷಕ್ಕೆ 18,000 ಸುತ್ತಿನ ಮಿತಿ. ಒಂದು ಸುತ್ತಿಗೆ ನಾಲ್ಕು ಸಲ ಉರಿದರೆ 1200 ಹರ್ಟ್ಸ್. ಯಾವ ಡಬ್ಬಾ ಸ್ಪೀಕರಿನಲ್ಲೂ ಅದು ಕಿರುಚುತ್ತದೆ. ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಇಂಡಿಯನ್ ಗ್ರ್ಯಾನ್ ಪ್ರೀ ನಡೆದಾಗ ಓಡಿದ್ದು ಈ ಎಂಜಿನ್‌ಗಳೇ. ಮೂರೂ ಸಲ ಗೆದ್ದದ್ದು ಸೆಬಾಸ್ಟಿಯನ್ ವೆಟೆಲ್. 2014ರಲ್ಲಿ 1.6 ಲೀಟರ್ ಟರ್ಬೊ ಹೈಬ್ರಿಡ್ ಬಂತು. ಟರ್ಬೊ ಎಕ್ಸಾಸ್ಟಿನ ಶಕ್ತಿಯನ್ನು ಹೀರಿಕೊಂಡಿತು, ಸದ್ದು ತಗ್ಗಿತು, ಜನ ಗೊಣಗಿದರು. ಆ ವರ್ಷ ಮರ್ಸಿಡಿಸ್‌ನವರು ಸ್ಪೇನಿನ ಟೆಸ್ಟಿನಲ್ಲಿ ಸೈಲೆನ್ಸರ್ ತುದಿಗೆ ತುತ್ತೂರಿಯಂಥ ಕೊಳವೆ ಹಾಕಿ ನೋಡಿದರು, ಹೆಚ್ಚೇನೂ ಸಿಗಲಿಲ್ಲ. 2016ರಲ್ಲಿ ವೇಸ್ಟ್‌ಗೇಟಿಗೆ (ಹೆಚ್ಚಾದ ಎಕ್ಸಾಸ್ಟನ್ನು ಟರ್ಬೊಗೆ ಹೋಗದಂತೆ ಹೊರಬಿಡುವ ಬಾಗಿಲು) ಬೇರೆ ಕೊಳವೆ ಇಡಬೇಕು ಅಂತ ನಿಯಮವೇ ಬಂತು, ಸದ್ದು ಸ್ವಲ್ಪ ಏರಲಿ ಅಂತ. ಅಷ್ಟು ದೊಡ್ಡ ಆಟದಲ್ಲೂ ಸದ್ದಿಗೆ ಇಷ್ಟು ತಲೆಕೆಡಿಸಿಕೊಳ್ಳುತ್ತಾರೆ ಅಂದ ಮೇಲೆ ನಾವು ಒಂದು ಜೀಪಿಗೆ ಒಂದು ಬೇಸಿಗೆ ಕೊಡುವುದು ಜಾಸ್ತಿ ಏನಲ್ಲ.

ಪರಿಹಾರ ಅಂದರೆ ಕೆಳಗಿನ ಸದ್ದನ್ನು ಬಿಟ್ಟು ಅದರ ಮೇಲಿನ ಪದರಗಳನ್ನು ಹಿಡಿಯುವುದು. ಈಗ ಮೈಕು ಮೂರು ಕಡೆ ಇಡುತ್ತೇವೆ. ಒಂದು ಸೈಲೆನ್ಸರ್ ತುದಿಯ ಪಕ್ಕದಲ್ಲಿ, ಹೊಗೆ ನೇರ ಬಡಿಯದ ಹಾಗೆ ಓರೆಯಾಗಿ. ಒಂದು ಏರ್ ಕ್ಲೀನರ್ ಹತ್ತಿರ. ಇನ್ನೊಂದು ಸೀಟಿನ ನಡುವೆ, ಗೇರ್ ಲಿವರುಗಳ ಬುಡದಲ್ಲಿ. ಆ ಮೂರನೆಯದೇ ಚಿನ್ನ. ಹಳೇ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್ ಗೇರಿಗೆ ನೇರ ಹಲ್ಲು ಇರುತ್ತದೆ, ಅದಕ್ಕೇ ಹಿಂದೆ ಹೋಗುವಾಗ ಆ ಗುಂಯ್ ಬರುವುದು. ಫೋನಿನಲ್ಲೂ ಚೆನ್ನಾಗಿ ಕೇಳುತ್ತದೆ.

ಇನ್ನೊಂದು ತಮಾಷೆ. 1500 ಸುತ್ತಿನಲ್ಲಿ ಜೀಪಿನ ಸದ್ದು ಸರಿಯಾಗಿ 50 ಹರ್ಟ್ಸ್. ನಮ್ಮ ಲೈನಿನ ಕರೆಂಟೂ 50 ಹರ್ಟ್ಸ್. ಚಾರ್ಜರ್ ಸಿಕ್ಕಿಸಿಕೊಂಡು ರೆಕಾರ್ಡ್ ಮಾಡಿದಾಗ ಬರುವ ಹಮ್ ತೆಗೆಯಲು ಹೋದರೆ ಅದರ ಜೊತೆ ಜೀಪೂ ಹೋಗುತ್ತದೆ. ಹಾಗಾಗಿ ಎಲ್ಲ ಬ್ಯಾಟರಿಯಲ್ಲೇ. ಕರೆಂಟ್ ಹೇಗೂ ಇರುವುದಿಲ್ಲ, ಅದು ಬೇರೆ ವಿಷಯ.

ಮಾರ್ಚ್

ಗಾಡಿ ಹತ್ತಿರ ಬಂದು ದಾಟಿ ಹೋಗುವ ಶಾಟ್. ಎಲ್ಲ ಶೋಗಳಲ್ಲೂ ಇದು ಇದ್ದೇ ಇರುತ್ತದೆ. ನಮ್ಮದು ಸಪ್ಪೆ. ಗಾಡಿ ಬರುತ್ತದೆ, ಹೋಗುತ್ತದೆ, ಅಷ್ಟೇ.

ಮತ್ತೆ ಕಾಗದ. ಸದ್ದು ಮಾಡುವ ವಸ್ತು ನಮ್ಮ ಕಡೆ ಬರುವಾಗ ಸ್ವರ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಶಾಲೆಯಲ್ಲಿ ಓದಿದ ಡಾಪ್ಲರ್ ಪರಿಣಾಮ. ಗಂಟೆಗೆ 300 ಕಿಲೋಮೀಟರಿನಲ್ಲಿ ಹೋಗುವ ಫಾರ್ಮುಲಾ ಒನ್ ಕಾರು ಎದುರಿನಿಂದ ದಾಟಿದಾಗ ಆ ಇಳಿತ ಎಷ್ಟಿರುತ್ತದೆ ಅಂದರೆ, ಹೆಚ್ಚುಕಡಿಮೆ ಧೈವತದಿಂದ ಷಡ್ಜಕ್ಕೆ ಇಳಿದಷ್ಟು. ಅದೇ ಆ 'ವ್ಯೂಂ'. ನಮ್ಮ ಜೀಪು ತೋಟದ ದಾರಿಯಲ್ಲಿ ಹೋಗುವುದು 20ರ ವೇಗದಲ್ಲಿ. ಇಳಿತ ಒಂದು ಸ್ವರಸ್ಥಾನವೂ ಪೂರ್ತಿ ಆಗುವುದಿಲ್ಲ, ಸುಮಾರು ಅರ್ಧದಷ್ಟೇ. ಕಂಪ್ಯೂಟರಿನಲ್ಲಿ ಸುಳ್ಳು ಇಳಿತ ಹಾಕಬಹುದು. ಅಕ್ಕನ ಮಗ ಹಾಕಿ ತೋರಿಸಿದ. ಜೀಪಿಗೆ ಬಣ್ಣದ ಕನ್ನಡಕ ಹಾಕಿಸಿದ ಹಾಗಿತ್ತು, ತೆಗೆಸಿದೆ.

ಆಮೇಲೆ ಹೊಳೆಯಿತು. ಟಿವಿ ಕಾರುಗಳ ಸದ್ದು ಇರುವುದು ವೇಗದಲ್ಲಿ. ನಮ್ಮ ಗಾಡಿಗಳ ಸದ್ದು ಇರುವುದು ಭಾರದಲ್ಲಿ, ಏರಿನಲ್ಲಿ. ತೋಡಿನ ಪಕ್ಕದಿಂದ ಕಣದವರೆಗೆ ನಮ್ಮಲ್ಲಿ ಒಂದು ಕಡಿದಾದ ಏರು ಇದೆ. ಹಿಂದೆ ಮೂಟೆ ತುಂಬಿ, ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ ಹತ್ತುವಾಗ ಕೇಳಬೇಕು. ಮೊದಲು ಎಂಜಿನ್ ಹಗುರ. ಏರು ಸಿಕ್ಕ ಕೂಡಲೇ ಸುತ್ತು ಕುಸಿಯುತ್ತದೆ, ಪಂಪು ಡೀಸೆಲ್ ಜಾಸ್ತಿ ಬಿಡುತ್ತದೆ, ಬಡಿತ ದಪ್ಪ ಆಗುತ್ತದೆ. ನಡುವೆ ಒಂದು ಕಲ್ಲು, ಟೈರು ಜಾರಿ ಮತ್ತೆ ಹಿಡಿಯುತ್ತದೆ. ಮೇಲೆ ಬಂದಾಗ ಉಸಿರು ಬಿಡುತ್ತದೆ. ಒಂದೂವರೆ ನಿಮಿಷದ ಆ ರೆಕಾರ್ಡಿಂಗಿನಲ್ಲಿ ಕತೆ ಪೂರ್ತಿ ಇದೆ. ಇಡೀ ಕಂತನ್ನು ಈಗ ಆ ಏರಿನ ಸುತ್ತ ಕಟ್ಟುತ್ತಿದ್ದೇವೆ.

ರ್‍ಯಾಲಿ ನೋಡಿದವರಿಗೆ ಇದು ಗೊತ್ತಿರುತ್ತದೆ. ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳು ಕೊಡಗಿನ ತೋಟಗಳಲ್ಲೂ ನಡೆದಿವೆ. ಸಿಲ್ವರ್ ಓಕ್ ಮರಗಳ ನಡುವೆ ಕಾರು ಕಾಣುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕೇಳುವುದು ಮಾತ್ರ ಎಷ್ಟೋ ಹೊತ್ತು. ಯಾವ ತಿರುವಿನಲ್ಲಿ ಗೇರ್ ಇಳಿಸಿದ ಅಂತ ಕೂತಲ್ಲೇ ಹೇಳಬಹುದು.

ಈ ತಿಂಗಳ ಶತ್ರುಗಳು ಇಬ್ಬರು. ಮೊದಲನೆಯದು ಸ್ಪ್ರಿಂಕ್ಲರ್ ಪಂಪು. ಹೂವಿಗೆ ನೀರು ಕೊಡುವ ಕಾಲ, ನಮ್ಮದು ನಿಲ್ಲಿಸಿದರೆ ಪಕ್ಕದ ತೋಟದ್ದು ಓಡುತ್ತಿರುತ್ತದೆ. ಅದೂ ಡೀಸೆಲ್, ಇದೂ ಡೀಸೆಲ್, ಬಿಡಿಸಲು ಆಗುವುದಿಲ್ಲ. ಎರಡನೆಯದು ಜೀರುಂಡೆ. ಅದರ ಸದ್ದು ಕೆಲವು ಸಾವಿರ ಹರ್ಟ್ಸ್‌ನಲ್ಲಿ, ಕತ್ತರಿಸಿ ತೆಗೆಯಬಹುದು, ಆದರೆ ಟ್ಯಾಪೆಟ್ಟಿನ ಚುರುಕೂ ಅದರ ಜೊತೆ ಹೋಗುತ್ತದೆ. ಬೆಳಗ್ಗೆ ಬೇಗ ಹೋದರೆ ಎರಡೂ ಕಾಟ ಕಡಿಮೆ. ಆದರೆ ಆನೆ ದಾಟಿ ಹೋಗಿದೆಯಾ ಅಂತ ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರನ್ನು ಕೇಳಿಕೊಂಡೇ ಹೊರಡಬೇಕು.

ಏಪ್ರಿಲ್

ಈಗ ಚಿತ್ರ. ಇದು ಬೇಗ ಮುಗಿಯಿತು, ಕೊಡಗಿನಲ್ಲಿ ಕ್ಯಾಮೆರಾ ಎಲ್ಲಿಟ್ಟರೂ ಏನೋ ಒಂದು ಚೆನ್ನಾಗಿ ಕಾಣುತ್ತದೆ. ಅದೇ ಅಪಾಯ ಕೂಡ. ಹೂಮಳೆ ಬಂದು ಕಾಫಿ ಹೂ ಬಿಟ್ಟಾಗ ತೆಗೆದ ಶಾಟುಗಳಲ್ಲಿ ಜೀಪನ್ನು ಯಾರೂ ನೋಡುವುದಿಲ್ಲ. ಹೆಚ್ಚಿನವನ್ನು ಬಿಟ್ಟೆ.

ತಲೆನೋವು ಕೊಟ್ಟದ್ದು ನೆರಳು. ಮರದ ಕೆಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಪ್ರತಿ ಮರಕ್ಕೂ ಒಮ್ಮೆ ಬೆಳಕು ಏರಿ ಇಳಿಯುತ್ತದೆ. ಎಲ್ಲ ಕೈಯಲ್ಲೇ ಹೊಂದಿಸಿ ಲಾಕ್ ಮಾಡಿದೆವು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಶಟರ್ ಅದಕ್ಕಿಂತ ಚುರುಕಾದರೆ ಚಕ್ರ ತಿರುಗುತ್ತಿದ್ದರೂ ನಿಂತಂತೆ ಗಟ್ಟಿಯಾಗಿ ಕಾಣುತ್ತದೆ. ಬಯಲಿನಲ್ಲಿ ಅಷ್ಟು ನಿಧಾನದ ಶಟರಿಗೆ ಬೆಳಕು ಜಾಸ್ತಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಲೇಬೇಕು. ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವ ಆ ಹಳೇ ಚೇಷ್ಟೆಯ ಲೆಕ್ಕವನ್ನೂ ಹಾಕಿದೆ. ಜೀಪಿನ ಚಕ್ರಕ್ಕೆ ಐದು ನಟ್. ಸುಮಾರು 40ರ ವೇಗದಲ್ಲಿ ಪ್ರತಿ ಫ್ರೇಮಿಗೂ ಒಂದು ನಟ್ಟಿನ ಜಾಗಕ್ಕೆ ಪಕ್ಕದ ನಟ್ ಬರುತ್ತದೆ, ಆಗ ಅವು ನಿಂತಂತೆ ಕಾಣಬೇಕು. ಆ ವೇಗ ನಮ್ಮ ತೋಟದ ಯಾವ ದಾರಿಯಲ್ಲೂ ಸಾಧ್ಯವಿಲ್ಲ, ಆದ್ದರಿಂದ ಚಿಂತೆ ಇಲ್ಲ.

ಕ್ಯಾಬಿನ್ ಒಳಗಿನ ಶಾಟಿಗೆ ಸಣ್ಣ ಕ್ಯಾಮೆರಾವನ್ನು ಡ್ಯಾಶಿಗೆ ಕ್ಲ್ಯಾಂಪ್ ಮಾಡಿದ್ದೇವೆ. ಇವತ್ತು ಇದು ಎಷ್ಟು ಸುಲಭ! 1979ರಲ್ಲಿ ಆಸ್ಟ್ರೇಲಿಯಾದ ಬಾತರ್ಸ್ಟ್ ರೇಸಿನಲ್ಲಿ ಚಾನೆಲ್ 7ರವರು ಒಂದು ಟೊಯೋಟಾ ಸೆಲಿಕಾ ಒಳಗೆ ಕ್ಯಾಮೆರಾ ಇಟ್ಟು ನೇರ ಪ್ರಸಾರ ಮಾಡಿದಾಗ ಸಿಗ್ನಲ್ ಹಿಡಿಯಲು ಮೇಲೆ ಹೆಲಿಕಾಪ್ಟರ್ ಬೇಕಾಗಿತ್ತು. 1985ರ ಜರ್ಮನ್ ಗ್ರ್ಯಾನ್ ಪ್ರೀಗೆ ರೆನೊ ತಂಡ ಕ್ಯಾಮೆರಾ ಹೊರಲಿಕ್ಕೆ ಅಂತಲೇ ಮೂರನೇ ಕಾರು ಇಳಿಸಿತ್ತು, ಫ್ರಾಂಸ್ವಾ ಎಸ್ನೊ ಓಡಿಸಿದ್ದರು. ಕ್ಲಚ್ ಕೈಕೊಟ್ಟು ಆ ಕಾರು ರೇಸ್ ಮುಗಿಸಲಿಲ್ಲ.

ಮೇ

ದೊಡ್ಡಪ್ಪನಿಗೆ ಹೇಳಿಯಾಯಿತು. "ಟಿವಿಯವರ ಹಾಗೆ ಕೈ ಬೀಸಿಕೊಂಡು ಮಾತಾಡುವುದು ನನ್ನಿಂದ ಆಗುವುದಿಲ್ಲ ಮಾರಾಯ" ಅಂದರು. ಬಟನ್ ಮೈಕು ಅಂಗಿಗೆ ಸಿಕ್ಕಿಸಿ, ಎಂದಿನ ಹಾಗೆ ಗಾಡಿ ಸ್ಟಾರ್ಟ್ ಮಾಡಿ ಸಾಕು ಅಂದೆ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನಿನ ಹೀಟರ್ ಬಿಸಿಯಾಗಲು ಕಾಯುತ್ತಾ ಅವರು ಅಕ್ಕನ ಮಗನಿಗೆ ಬೈದರು, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಯಾಕೆ ಓಡಿಸುತ್ತೀ ಅಂತ. ಆಮೇಲೆ ಏರಿನಲ್ಲಿ ಯಾಕೆ ಗೇರ್ ಬದಲಿಸಬಾರದು, ಇಳಿಜಾರಿನಲ್ಲಿ ಯಾಕೆ ನ್ಯೂಟ್ರಲ್ ಮಾಡಬಾರದು ಅಂತ ಪೂರ್ತಿ ಪಾಠ. ಇದೇ ನಿರೂಪಣೆ. ಬರೆದುಕೊಂಡಿದ್ದ ಸ್ಕ್ರಿಪ್ಟ್ ಬಿಟ್ಟೆ.

ಎಡಿಟಿಂಗಿನಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಸದ್ದನ್ನು ಜಾಗ ಬದಲಿಸಿ ಹಾಕಬಹುದು, ಇಲ್ಲದ ಜಗಳ ಹುಟ್ಟಿಸಬಾರದು. ನೆಟ್‌ಫ್ಲಿಕ್ಸಿನ ಫಾರ್ಮುಲಾ ಒನ್ ಸರಣಿ ಡ್ರೈವ್ ಟು ಸರ್ವೈವ್ ನನಗೆ ಇಷ್ಟ, 2019ರಿಂದ ನೋಡುತ್ತಿದ್ದೇನೆ. ಆದರೆ ಇಲ್ಲದ ಪೈಪೋಟಿ ತೋರಿಸುತ್ತಾರೆ ಅಂತ ರೇಸ್ ಡ್ರೈವರ್ ಮ್ಯಾಕ್ಸ್ ವೆರ್ಸ್ಟಾಪನ್ ಕೆಲ ಕಾಲ ಅದಕ್ಕೆ ಮಾತಾಡಲೇ ಇಲ್ಲ. ದೊಡ್ಡಪ್ಪ ಮಾತಾಡುವುದು ನಿಲ್ಲಿಸಿದರೆ ನಮಗೆ ಗಾಡಿಯೂ ಇಲ್ಲ.

ಸದ್ಯ ಏರಿನ ಭಾಗ ತಯಾರಿದೆ, ಶೆಡ್ಡಿನ ಭಾಗ ಅರ್ಧ ಆಗಿದೆ. ಬಾಕಿ ಇರುವುದು ಟೈರಿಗೆ ಚೈನ್ ಹಾಕುವ ಶಾಟ್. ಅದಕ್ಕೆ ಕೆಸರು ಬೇಕು, ಅಂದರೆ ಜೂನ್ ಬರಬೇಕು. ಮಳೆಯಲ್ಲಿ ಮೈಕಿಗೆ ಪ್ಲಾಸ್ಟಿಕ್ ಹೊದಿಸಿದರೆ ಹನಿ ಬಿದ್ದು ಟಪಟಪ ಅನ್ನುವುದೇ ರೆಕಾರ್ಡ್ ಆಗುತ್ತದೆ. ಹನಿಯ ಪೆಟ್ಟು ಹೀರಿಕೊಳ್ಳುವಂಥದ್ದು ಏನಾದರೂ ಮೇಲೆ ಬೇಕು. ತೆಂಗಿನ ನಾರಿನ ಹಳೇ ಕಾಲೊರೆಸು ಒಂದನ್ನು ಕತ್ತರಿಸಿ ಇಟ್ಟಿದ್ದೇನೆ, ಅತ್ತಿಗೆ ಅದನ್ನು ಹುಡುಕುತ್ತಿದ್ದಾರೆ.